ಕೂದಲೆಳೆ ಲೆಕ್ಕದ ಎಂಜಿನಿಯರ್: ತಕ್ಕಡಿ ನಂಬುವವರು ಓದಲೇಬೇಕಾದ ಸಂಗತಿ

ಬಾಗಲಕೋಟೆಯ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ತೂಗಿಸುವವರು, ಇಳಕಲ್ಲಿನ ಸರಾಫ ಅಂಗಡಿಯಲ್ಲಿ ಉಂಗುರ ತೂಗಿಸುವವರು, ಹುನಗುಂದದಲ್ಲಿ ಮನೆ ಕಟ್ಟಲು ಸಿಮೆಂಟ್ ಚೀಲ ಒಯ್ಯುವವರು, ಬಾದಾಮಿ ದವಾಖಾನೆಯಲ್ಲಿ ರಕ್ತದ ರಿಪೋರ್ಟಿಗೆ ಕಾಯುವವರು, ಇಷ್ಟೂ ಮಂದಿ ದಿನಬೆಳಗಾದರೆ ಒಂದಲ್ಲ ಒಂದು ಯಂತ್ರದ ಮಾತು ನಂಬುತ್ತಾರೆ. ಯಂತ್ರ ಹೇಳಿತು, ವ್ಯವಹಾರ ಮುಗೀತು. ಮನುಷ್ಯ ಸುಳ್ಳು ಹೇಳ್ಯಾನು, ಯಂತ್ರ ಹೇಳೂದಿಲ್ಲ ಅನ್ನೋ ಭರವಸೆ. ಆದರೆ ಆ ಯಂತ್ರಕ್ಕೆ ಖರೇ ಮಾತು ಕಲಿಸಿದವರು ಯಾರು ಅಂತ ಕೇಳಿದವರು ಕಡಿಮೆ.

ಕಲಿಸಿದವರು ಮೆಕ್ಯಾನಿಕಲ್ ಎಂಜಿನಿಯರುಗಳು. ಹಾಗೆಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರೋದು ಗ್ಯಾರೇಜು, ಲೇಥು, ಎಣ್ಣೆ ಮೆತ್ತಿದ ಕೈ. ನಾವು ಇವತ್ತು ಬರೆಯುತ್ತಿರುವುದು ಅದೇ ವಿದ್ಯೆಯ ಇನ್ನೊಂದು ಕವಲಿನ ಬಗ್ಗೆ. ಪ್ರಯೋಗಾಲಯದಲ್ಲಿ ತೂಗುವ, ಅಳೆಯುವ, ಒತ್ತಿ ನೋಡುವ, ಬೆಳಕು ಹಾಯಿಸಿ ಪರೀಕ್ಷಿಸುವ ಉಪಕರಣಗಳನ್ನು ಹೊಸದಾಗಿ ರೂಪಿಸಿ, ನಕ್ಷೆ ಬರೆದು, "ಇದು ಇಷ್ಟರ ಮಟ್ಟಿಗೆ ಸರಿ" ಅಂತ ರುಜು ಹಾಕುವ ಹಿರಿಯ ಎಂಜಿನಿಯರರ ಕೆಲಸ ಅದು. ಇವರ ಲೆಕ್ಕ ಮೈಕ್ರಾನಿನಲ್ಲಿ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ. ಅಂದಮೇಲೆ ಇವರ ಕೆಲಸದಲ್ಲಿ ಕೂದಲೆಳೆಯೇ ಒಂದು ತೊಲೆ!

"ಇದರಿಂದ ನಮಗೇನ್ರಿ?" ಅಂತ ಅಂಗಡಿಕಾರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಕ್ಕಡಿಯಿಂದಲೇ ಶುರು ಮಾಡೋಣ.

ನಿಮ್ಮ ಕಿಲೋದ ವಂಶಾವಳಿ

ಅಂಗಡಿಯ ತೂಕದ ಕಲ್ಲಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು ಅನ್ನೋದು ವ್ಯಾಪಾರಸ್ಥರಿಗೆಲ್ಲ ಗೊತ್ತು. ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್ಸ್‌ಪೆಕ್ಟರು ಬರುತ್ತಾರೆ, ತಮ್ಮ ಪೆಟ್ಟಿಗೆಯ ಕಲ್ಲಿನ ಜೊತೆ ನಿಮ್ಮ ಕಲ್ಲನ್ನು ತಾಳೆ ನೋಡುತ್ತಾರೆ. ಇನ್ಸ್‌ಪೆಕ್ಟರ ಕಲ್ಲು ಸರಿ ಅಂತ ಹೇಳೋರು ಯಾರು? ಅದನ್ನು ಇಲಾಖೆಯ ಪ್ರಯೋಗಾಲಯದ ಮೇಲಿನ ದರ್ಜೆಯ ಕಲ್ಲಿಗೆ ತಾಳೆ ನೋಡಿರುತ್ತಾರೆ. ಆ ಕಲ್ಲಿಗೂ ಒಂದು ಯಜಮಾನ ಕಲ್ಲು ಉಂಟು, ಬೆಂಗಳೂರಿನ ಪ್ರಾದೇಶಿಕ ಮಾನಕ ಪ್ರಯೋಗಾಲಯದಲ್ಲಿ. ಅಲ್ಲಿಂದ ಮೇಲೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿ ಕಾದಿಟ್ಟಿರುವ ಪ್ಲಾಟಿನಂ-ಇರಿಡಿಯಂ ಲೋಹದ ಕಿಲೋಗ್ರಾಮಿನ ನಂಬರು 57. ಅದರ ಮೂಲಪುರುಷ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ 1889ರಿಂದ ಗಾಜಿನ ಮುಚ್ಚಳದೊಳಗೆ ಕೂತಿದ್ದ ಲೋಹದ ಗುಂಡು.

ಸೇರು, ಪಾವು, ತೊಲ ಅಂತ ತೂಗುತ್ತಿದ್ದ ನಮ್ಮ ಪೇಟೆಗೆ 1956ರ ಕಾನೂನಿನಿಂದ ಕಿಲೋ ಬಂತು. 1958ರಿಂದ ಹಂತಹಂತವಾಗಿ ಜಾರಿಯಾಯಿತು. ಅಜ್ಜಂದಿರು ಬೈದುಕೊಂಡೇ ಒಪ್ಪಿದರು. ಆದರೆ ಆ ಪ್ಯಾರಿಸ್ಸಿನ ಗುಂಡೂ ಪಕ್ಕಾ ಅಲ್ಲ ಅನ್ನೋದು ಆಮೇಲೆ ಬಯಲಾಯಿತು. ಒಂದು ಶತಮಾನದಲ್ಲಿ ಅದಕ್ಕೂ ಅದರ ಪಡಿಯಚ್ಚುಗಳಿಗೂ ನಡುವೆ ಸುಮಾರು 50 ಮೈಕ್ರೋಗ್ರಾಮಿನ ಅಂತರ ಬಿದ್ದಿತ್ತು. ಒಂದು ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಅಷ್ಟಕ್ಕೇ ವಿಜ್ಞಾನಿಗಳ ನಿದ್ದೆ ಕೆಟ್ಟಿತು. ಕೊನೆಗೆ 2019ರ ಮೇ 20ರಂದು ಆ ಗುಂಡಿಗೆ ನಿವೃತ್ತಿ ಕೊಟ್ಟು, ಪ್ರಕೃತಿಯ ಒಂದು ಸ್ಥಿರಾಂಕದ ಮೇಲೆ ಕಿಲೋವನ್ನು ಕೂಡಿಸಿದರು. ಇದಕ್ಕೆ ಬೇಕಾದ ವಿಶೇಷ ತಕ್ಕಡಿಯ ಉಪಾಯವನ್ನು 1975ರಲ್ಲಿ ಕೊಟ್ಟವನು ಬ್ರಯಾನ್ ಕಿಬಲ್ ಎಂಬ ಇಂಗ್ಲಿಷ್ ವಿಜ್ಞಾನಿ. ಉಪಾಯ ವಿಜ್ಞಾನಿಯದು ಹೌದು. ಅದನ್ನು ಕಬ್ಬಿಣ, ತಾಮ್ರ, ಸುರುಳಿ, ಸ್ಪ್ರಿಂಗುಗಳಲ್ಲಿ ಅಲುಗಾಡದಂತೆ ಕಟ್ಟಿ ನಿಲ್ಲಿಸುವುದು ಎಂಜಿನಿಯರನ ಕೆಲಸ.

ದಿಲ್ಲಿ ಕಿಲೋ, ಬಾಗಲಕೋಟೆ ಕಿಲೋ

ಸರಾಫರಿಗೆ ಒಂದು ಗುಟ್ಟಿನ ಮಾತು. ಭೂಮಿಯ ಸೆಳೆತ ಎಲ್ಲ ಊರಲ್ಲೂ ಒಂದೇ ಸಮ ಇಲ್ಲ. ಉತ್ತರಕ್ಕೆ ಹೋದಷ್ಟೂ ತುಸು ಹೆಚ್ಚು, ದಕ್ಷಿಣಕ್ಕೆ ಸಮಭಾಜಕದ ಕಡೆ ಬಂದಷ್ಟೂ ತುಸು ಕಡಿಮೆ. ಎತ್ತರದ ಊರಲ್ಲಿ ಮತ್ತಷ್ಟು ಕಡಿಮೆ. ದಿಲ್ಲಿಯಲ್ಲಿ ಸರಿಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೇ ತಂದು ಬಾಗಲಕೋಟೆಯಲ್ಲಿ ಇಟ್ಟರೆ, ಅದೇ ಒಂದು ಕಿಲೋ ಕಲ್ಲು ಮುಕ್ಕಾಲು ಗ್ರಾಮಿಗಿಂತ ಹೆಚ್ಚೇ ಕಡಿಮೆ ತೋರಿಸುತ್ತದೆ! ಬೇಳೆಗೆ ಇದು ಲೆಕ್ಕಕ್ಕಿಲ್ಲ. ಬಂಗಾರಕ್ಕೆ? ಲೆಕ್ಕ ಹಾಕಿಕೊಳ್ಳಿ.

ಹಳೇ ಎರಡು ತಟ್ಟೆಯ ತ್ರಾಸಿಗೆ ಈ ದೋಷ ಇಲ್ಲ. ಅಲ್ಲಿ ಕಲ್ಲಿಗೂ ಬಂಗಾರಕ್ಕೂ ಭೂಮಿ ಒಂದೇ ಸಮ ಎಳೆಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಕಲ್ಲಿನ ಜೊತೆ ತಾಳೆ ನೋಡೋದಿಲ್ಲ, ಎಳೆತವನ್ನಷ್ಟೇ ಅಳೆಯುತ್ತದೆ. ಅದಕ್ಕೇ ಒಳ್ಳೆಯ ತಕ್ಕಡಿಯನ್ನು ಇಟ್ಟ ಜಾಗದಲ್ಲೇ ಪ್ರಮಾಣದ ಕಲ್ಲು ಹಾಕಿ ಸರಿ ಮಾಡಬೇಕು. ಪ್ರಯೋಗಾಲಯದ ದುಬಾರಿ ತಕ್ಕಡಿಗಳ ಹೊಟ್ಟೆಯೊಳಗೇ ಒಂದು ಕಲ್ಲು ಇರುತ್ತದೆ. ಪುಟ್ಟ ಮೋಟಾರು ಅದನ್ನು ಎತ್ತಿ ಇಳಿಸಿ ತಕ್ಕಡಿಯನ್ನು ತಾನೇ ತಿದ್ದುತ್ತದೆ. ಆ ಕಲ್ಲು ಪ್ರತಿ ಸಲವೂ ಅದೇ ಜಾಗಕ್ಕೆ, ಉಜ್ಜದೆ, ಸವೆಯದೆ ಬಂದು ಕೂಡುವಂತೆ ಮಾಡಿರುವುದು ಮೆಕ್ಯಾನಿಕಲ್ ಎಂಜಿನಿಯರ್.

ಕಬ್ಬಿನ ಬಿಲ್ಲು, ಸಿಮೆಂಟಿನ ಗ್ರೇಡು

ನಮ್ಮ ಜಿಲ್ಲೆಯ ಮುಧೋಳ, ಜಮಖಂಡಿ ಕಡೆ ಕಬ್ಬೇ ಬಾಳು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಎಫ್‌ಆರ್‌ಪಿ ದರ, ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಮೇಲೆ ಪ್ರತಿ 0.1 ಇಳುವರಿಗೆ 3 ರೂಪಾಯಿ 46 ಪೈಸೆ ಹೆಚ್ಚಿಗೆ. ಟನ್ನಿಗೆ 34 ರೂಪಾಯಿ 60 ಪೈಸೆ ಆಯಿತು. ನೂರು ಟನ್ ಕಬ್ಬು ಕಳಿಸಿದ ರೈತನಿಗೆ 3,460 ರೂಪಾಯಿ. ಈ ಇಳುವರಿ ಕಾರ್ಖಾನೆಯ ಸರಾಸರಿ ಲೆಕ್ಕ. ಆ ಲೆಕ್ಕದಲ್ಲಿ ಸಾಕ್ಷಿ ಹೇಳುವ ಉಪಕರಣಗಳಲ್ಲಿ ಒಂದು, ಕಾರ್ಖಾನೆಯ ಪ್ರಯೋಗಾಲಯದ ಪೋಲಾರಿಮೀಟರ್.

ಅದು ಕೆಲಸ ಮಾಡುವ ರೀತಿ ಸೋಜಿಗದ್ದು. ಒಂದೇ ದಿಕ್ಕಿನಲ್ಲಿ ಅಲೆಯುವಂತೆ ಮಾಡಿದ ಬೆಳಕನ್ನು ಸಕ್ಕರೆ ನೀರಿನ ಮೂಲಕ ಹಾಯಿಸಿದರೆ ಬೆಳಕಿನ ದಿಕ್ಕು ತಿರುಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ತಿರುವು. 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿಲಿಲೀಟರ್ ದ್ರಾವಣ ಮಾಡಿ, 20 ಸೆಂಟಿಮೀಟರ್ ಉದ್ದದ ಕೊಳವೆಗೆ ತುಂಬಿ, ಸೋಡಿಯಂ ದೀಪದ ಹಳದಿ ಬೆಳಕು ಬಿಟ್ಟರೆ ಅದು ಸುಮಾರು 34.6 ಡಿಗ್ರಿ ತಿರುಗುತ್ತದೆ. ಅದನ್ನೇ ನೂರು ಅಂತ ಹಿಡಿದು ಮಾಪಕಕ್ಕೆ ಗೆರೆ ಹಾಕುತ್ತಾರೆ. ಅಂದಮೇಲೆ ಮಾಪಕದ 0.1 ಅಂದರೆ ಒಂದು ಡಿಗ್ರಿಯ ಮೂವತ್ತನೇ ಪಾಲಿಗೂ ಸ್ವಲ್ಪ ಹೆಚ್ಚು ಅಷ್ಟೆ. ಗೋಡೆ ಗಡಿಯಾರದ ನಿಮಿಷದ ಮುಳ್ಳು ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಸರಿಯುವಷ್ಟು! ಉಪಕರಣದ ಹಲ್ಲುಗಾಲಿಯಲ್ಲಿ ಅಷ್ಟು ಸಡಿಲು ಇದ್ದರೆ ಸಾಕು, ಓದಿದ ಅಂಕಿ ತಪ್ಪು. ಹಲ್ಲುಗಾಲಿ ಬಿಗಿ ಮಾಡಿದವನು ರೈತನ ಮುಖ ನೋಡಿದವನಲ್ಲ, ಆದರೂ ರೈತನ ಪರ ಸಾಕ್ಷಿ ಹೇಳುತ್ತಿರುವವನು ಅವನೇ.

ಇನ್ನು ಸಿಮೆಂಟ್. ಬಾಗಲಕೋಟೆ ಸಿಮೆಂಟಿನ ಊರು ಅಂತ ಹೆಸರಾಗಿ ದಶಕಗಳೇ ಕಳೆದವು. ಚೀಲದ ಮೇಲೆ "53 ಗ್ರೇಡ್" ಅಂತ ಬರೆದಿರುತ್ತದೆ. ಮಾರುವವರು ಹೇಳುತ್ತಾರೆ, ಕೊಳ್ಳುವವರು ಕೇಳುತ್ತಾರೆ. ಅದೇನು 53? ಸಿಮೆಂಟನ್ನೂ ಪ್ರಮಾಣಿತ ಮರಳನ್ನೂ ಕಲೆಸಿ, 70.6 ಮಿಲಿಮೀಟರ್ ಬದಿಯ ಗಟ್ಟಿ ಮಾಡಿ, ನೀರಿನಲ್ಲಿ ಹದಗೊಳಿಸಿ, 28 ದಿನ ಆದಮೇಲೆ ಯಂತ್ರದಲ್ಲಿಟ್ಟು ಒತ್ತುತ್ತಾರೆ. ಒಂದೊಂದು ಚದರ ಮಿಲಿಮೀಟರು ಕನಿಷ್ಠ 53 ನ್ಯೂಟನ್ ಭಾರ ತಡೆಯಬೇಕು. ಇಡೀ ಗಟ್ಟಿಯ ಮೇಲೆ ಲೆಕ್ಕ ಹಾಕಿದರೆ ಸುಮಾರು 27 ಟನ್. ಅಂಗೈ ಮೇಲೆ ಕೂಡುವ ಗಟ್ಟಿಯ ಮೇಲೆ 540 ಚೀಲ ಸಿಮೆಂಟ್ ಹೇರಿದಂತೆ!

ಈಗ ಯೋಚಿಸಿ. ಆ ಒತ್ತುವ ಯಂತ್ರ ನೂರಕ್ಕೆ ಐದು ಹೆಚ್ಚು ತೋರಿಸಿತು ಅನ್ನಿ. 51ರ ಸಿಮೆಂಟ್ 53 ಅಂತ ಪಾಸಾಗಿ ಬಿಡ್ತದೆ. ಕಡಿಮೆ ತೋರಿಸಿದರೆ ಒಳ್ಳೆಯ ಮಾಲು ಫೇಲು. ಒತ್ತುವ ಎರಡು ತಟ್ಟೆಗಳು ಸ್ವಲ್ಪ ಓರೆ ಇದ್ದರೂ ಗಟ್ಟಿಯ ಒಂದೇ ಮೂಲೆಗೆ ಭಾರ ಬಿದ್ದು ಬೇಗ ಒಡೆಯುತ್ತದೆ. ಅದಕ್ಕಾಗಿ ಮೇಲಿನ ತಟ್ಟೆಯನ್ನು ಗುಂಡನೆಯ ಬಟ್ಟಲಿನಲ್ಲಿ ಕೂಡಿಸಿರುತ್ತಾರೆ. ಗಟ್ಟಿಯ ಮೈಗೆ ತಕ್ಕಂತೆ ಅದು ತಾನೇ ಹೊಂದಿಕೊಳ್ಳುತ್ತದೆ. ಈ ಉಪಾಯ ನೋಡಲು ಸಣ್ಣದು, ಆದರೆ ಮನೆಯ ತಾರಸಿ ನಿಂತಿರೋದು ಇಂಥದ್ದರ ಮೇಲೆ.

ಬಿಸಿಲು, ಒಲೆ, ಸಡಿಲು

ಹಾಗಾದರೆ ಈ ಹಿರಿಯ ಎಂಜಿನಿಯರ್ ದಿನವಿಡೀ ಏನು ಮಾಡುತ್ತಾರೆ? ಒಂದೇ ಮಾತಿನಲ್ಲಿ ಹೇಳುವುದಾದರೆ, ತಪ್ಪಿನ ಜಮಾ-ಖರ್ಚು ಬರೆಯುತ್ತಾರೆ. ಅಂಗಡಿಯ ಕಿರ್ದಿ ಇದ್ದ ಹಾಗೆ. ಉಪಕರಣ ಒಟ್ಟು ಹತ್ತು ಮೈಕ್ರಾನಿಗಿಂತ ಹೆಚ್ಚು ತಪ್ಪಬಾರದು ಅಂತ ಗಿರಾಕಿ ಕೇಳಿದರೆ, ಆ ಹತ್ತನ್ನು ಹಂಚುತ್ತಾರೆ: ಬಿಸಿಗೆ ಮೂರು, ಅದುರಿಗೆ ಎರಡು, ಬೇರಿಂಗಿಗೆ ಎರಡು, ಮಾಪಕದ ಗೆರೆಗೆ ಎರಡು, ಉಳಿದದ್ದು ಕೈಗಡ. ಒಂದು ಬಾಬ್ತು ಮಿತಿ ಮೀರಿದರೆ ಇನ್ನೊಂದರಲ್ಲಿ ಕಡಿತ ಮಾಡಬೇಕು. ಲೆಕ್ಕ ತಾಳೆಯಾಗುವ ತನಕ ನಕ್ಷೆ ಕಾರ್ಖಾನೆಗೆ ಇಳಿಯೋದಿಲ್ಲ.

ಮೊದಲ ವೈರಿ ಬಿಸಿ. ಜಗತ್ತಿನಾದ್ಯಂತ ಉದ್ದದ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಪ್ರಮಾಣದ ಉಷ್ಣಾಂಶ ಅಂತ 1931ರಲ್ಲೇ ಒಪ್ಪಂದವಾಗಿದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ದಾಟುವುದು ಹೊಸದಲ್ಲ. ಒಂದು ಮೀಟರ್ ಉಕ್ಕಿನ ಪಟ್ಟಿ ಒಂದು ಡಿಗ್ರಿ ಬಿಸಿಗೆ ಹನ್ನೊಂದು-ಹನ್ನೆರಡು ಮೈಕ್ರಾನ್ ಬೆಳೆಯುತ್ತದೆ. 20 ಡಿಗ್ರಿ ಏರಿದರೆ ಕಾಲು ಮಿಲಿಮೀಟರಿನ ಹತ್ತಿರ ಬಂತು. ಅಲ್ಯೂಮಿನಿಯಂ ಇದರ ಇಮ್ಮಡಿ ಬೆಳೆಯುತ್ತದೆ. ಬರಿಗೈಯಲ್ಲಿ ಹಿಡಿದರೂ ಸಾಕು, ಕೈಯ ಬಿಸಿಗೆ ಅಳತೆಯ ಉಕ್ಕಿನ ತುಂಡು ಉಬ್ಬುತ್ತದೆ. ಅದಕ್ಕೇ ಕೈಚೀಲ ಹಾಕಿ ಮುಟ್ಟುತ್ತಾರೆ. ಬಿಸಿಗೆ ಅಷ್ಟಾಗಿ ಜಗ್ಗದ ಇನ್‌ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹವನ್ನು 1896ರಲ್ಲಿ ಕಂಡುಹಿಡಿದ ಗಿಯೋಮ್ ಎಂಬವರಿಗೆ 1920ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆತ ಅದೇ ಪ್ಯಾರಿಸ್ಸಿನ ತೂಕ-ಅಳತೆಯ ಕಚೇರಿಯ ಮನುಷ್ಯ!

ಎರಡನೆಯದು ಕೂಡುವ ರೀತಿ. ನಾಲ್ಕು ಕಾಲಿನ ಮೇಜು ಓರೆ ನೆಲದ ಮೇಲೆ ಗಡಗಡ ಅಲ್ಲಾಡುತ್ತದೆ. ಹೊಲದಲ್ಲಿ ಮೂರು ಕಲ್ಲಿಟ್ಟು ಹೂಡಿದ ಒಲೆ ಎಂಥ ನೆಲದ ಮೇಲೂ ಅಲ್ಲಾಡೋದಿಲ್ಲ. ನಮ್ಮ ಅವ್ವಂದಿರಿಗೆ ಗೊತ್ತಿದ್ದ ಈ ವಿದ್ಯೆಯೇ ಸೂಕ್ಷ್ಮ ಉಪಕರಣಗಳ ಮೊದಲ ಪಾಠ. ಹೆಚ್ಚಿನ ಸೂಕ್ಷ್ಮ ಉಪಕರಣಗಳ ಭಾರ ಕೂಡೋದು ಮೂರೇ ಬಿಂದುವಿನ ಮೇಲೆ. ನಾಲ್ಕನೆಯದು ಬಂತೆಂದರೆ ಅದು ನೆಲದ ಓರೆಯನ್ನು ಉಪಕರಣದ ಮೈಗೆ ಹತ್ತಿಸುತ್ತದೆ.

ಮೂರನೆಯದು ಸಡಿಲು. ಬಾಗಿಲ ಕೀಲು ಹಳೆಯದಾದರೆ ಕಟಕಟ ಅನ್ನುತ್ತದೆ. ಮೈಕ್ರಾನ್ ಲೆಕ್ಕದಲ್ಲಿ ಹೊಸ ಕೀಲೂ ಕಟಕಟವೇ. ಆದ್ದರಿಂದ ಕೀಲನ್ನೇ ತೆಗೆದು, ತೆಳುವಾದ ಲೋಹದ ಪಟ್ಟಿ ಬಾಗುವಂತೆ ಮಾಡುತ್ತಾರೆ. ಉಜ್ಜೋದಿಲ್ಲ, ಎಣ್ಣೆ ಬೇಡ, ಸಡಿಲೂ ಇಲ್ಲ. ಹೀಗೆ ಬಾಗುತ್ತಲೇ ಕೆಲಸ ಮಾಡುವ ಯಂತ್ರಗಳ ವಿದ್ಯೆಯಲ್ಲಿ ಹೆಸರು ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕ ಜಿ.ಕೆ. ಅನಂತಸುರೇಶ್. ಅವರಿಗೆ 2010ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿದೆ.

ಇಷ್ಟೆಲ್ಲ ಆದಮೇಲೆ ಉಪಕರಣವನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಬೇಯಿಸುತ್ತಾರೆ, ಅದುರುವ ಮೇಜಿನ ಮೇಲೆ ಕುಣಿಸುತ್ತಾರೆ, ಪ್ಯಾಕಿಂಗ್ ಸಮೇತ ಎತ್ತಿಹಾಕುತ್ತಾರೆ. ಲಾರಿಯಲ್ಲಿ ನೂರಾರು ಮೈಲಿ ಹೋಗಬೇಕಲ್ಲ! ನಮ್ಮ ಬಸ್ ಪ್ರಯಾಣಿಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

"ಸೀನಿಯರ್" ಅನ್ನೋ ಪದಕ್ಕೆ ಇಲ್ಲೇ ಬೆಲೆ. ಎಲ್ಲ ಕಡೆ ಬಿಗಿ ಅಳತೆ ಬರೆಯೋದು ಹೊಸಬನ ಲಕ್ಷಣ. ಸಾಧಾರಣ ಡ್ರಿಲ್ಲಿನಿಂದ ಆಗುವ ತೂತಿಗೆ ಮೈಕ್ರಾನ್ ಲೆಕ್ಕ ಬರೆದರೆ ಗ್ರೈಂಡಿಂಗ್ ಮಾಡಿಸಬೇಕು, ಖರ್ಚು ಹಲವು ಪಟ್ಟು ಏರುತ್ತದೆ. ಎಲ್ಲಿ ಬಿಗಿ ಬೇಕು, ಎಲ್ಲಿ ಬಿಟ್ಟರೂ ನಡೆದೀತು ಅಂತ ತಿಳಿದವನೇ ಹಿರಿಯ. ನಾಳೆ ಉಪಕರಣ ತಪ್ಪು ಹೇಳಿದರೆ ನಕ್ಷೆಯ ಮೂಲೆಯಲ್ಲಿ ಇರುವ ರುಜು ಅವನದು.

ಮೂರು ಕಲ್ಲಿನ ಕಥೆ

ಇಳಕಲ್ಲಿನವರು ಈ ಭಾಗವನ್ನು ಜೋರಾಗಿ ಓದಿಕೊಳ್ಳಬೇಕು. ಸಪಾಟು ಅನ್ನೋದು ಎಲ್ಲಿಂದ ಬಂತು? ಮೊದಲ ಸಪಾಟು ಕಲ್ಲನ್ನು ಯಾವ ಸಪಾಟು ಕಲ್ಲಿನ ಮೇಲೆ ತಾಳೆ ನೋಡಿದರು?

ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರ್ 1840ರಲ್ಲಿ ಇದರ ದಾರಿಯನ್ನು ಜಗತ್ತಿಗೆ ತಿಳಿಯುವಂತೆ ವಿವರಿಸಿದ. ಎರಡು ಫಲಕಗಳನ್ನು ಒಂದರ ಮೇಲೊಂದು ತಾಳೆ ನೋಡಿ ತಿದ್ದಿದರೆ ಅವು ಪರಸ್ಪರ ಹೊಂದುತ್ತವೆ, ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿಯೂ ಹೊಂದಬಹುದು. ಬೀಸುವ ಕಲ್ಲು ನೋಡಿದವರಿಗೆ ಗೊತ್ತು. ಮೂರು ಫಲಕ ತಗೊಂಡು, ಮೊದಲನೆಯದನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ, ಮೂರನೆಯದನ್ನು ಮೊದಲನೆಯದಕ್ಕೆ ತಾಳೆ ನೋಡುತ್ತಾ ಉಬ್ಬಿದ್ದ ಕಡೆ ಕೆರೆಯುತ್ತಾ ಹೋದರೆ ಮೂರೂ ಸಪಾಟಾಗಲೇಬೇಕು. ಬೇರೆ ದಾರಿಯೇ ಇಲ್ಲ. ಮೂರೂ ಒಂದಕ್ಕೊಂದು ಉಬ್ಬಿರಲು ಸಾಧ್ಯವಿಲ್ಲವಲ್ಲ! ಯಂತ್ರವಿಲ್ಲದೆ, ಬರೀ ತಾಳ್ಮೆಯಿಂದ ಹುಟ್ಟಿದ ನಿಖರತೆ ಇದು.

ಈಗ ಅಳತೆಯ ಕೋಣೆಗಳಲ್ಲಿ ಕಬ್ಬಿಣದ ಫಲಕದ ಬದಲು ಗ್ರಾನೈಟ್ ಫಲಕವೇ ಹೆಚ್ಚು. ಅದಕ್ಕೆ ತುಕ್ಕು ಹಿಡಿಯೋದಿಲ್ಲ, ಬಿಸಿಗೆ ಉಕ್ಕಿಗಿಂತ ಕಡಿಮೆ ಉಬ್ಬುತ್ತದೆ, ಏಟು ಬಿದ್ದರೆ ಚೂರು ಹಾರುತ್ತದೆಯೇ ಹೊರತು ಅಂಚು ಮೇಲೇಳೋದಿಲ್ಲ. ಹೊಸ ಎರಕದ ಕಬ್ಬಿಣ ಒಳಗಿನ ಬಿಗುವಿನಿಂದ ತಿಂಗಳುಗಟ್ಟಲೆ ಸೊಟ್ಟಗಾಗುತ್ತಾ ಇರುತ್ತದೆ. ಉಪ್ಪಿನಕಾಯಿಯ ಹಾಗೆ ಅದನ್ನು ಮಾಗಲು ಬಿಡಬೇಕು, ಇಲ್ಲವೇ ಕಾಯಿಸಿ ಬಿಗುವು ಇಳಿಸಬೇಕು. ಗ್ರಾನೈಟ್ ಭೂಮಿಯ ಹೊಟ್ಟೆಯಲ್ಲಿ ಕೋಟ್ಯಂತರ ವರ್ಷ ಮಾಗಿಯೇ ಬಂದಿದೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಸೋದು ಸಣ್ಣ ಕಣದ ಕರಿ ಕಲ್ಲು. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ಕಟ್ಟಡಗಳಿಗಾಗಿ ದೇಶ-ವಿದೇಶಕ್ಕೆ ಹೋಗುವ ಮಾಲು. ಕಲ್ಲು ಯಾವುದೇ ಇರಲಿ, ಕಲ್ಲಿನ ಮೈ ಓದುವ ಕೈ ಮಾತ್ರ ಇಲ್ಲಿ ಇದೆ.

ಇದೇನು ಇಂದಿನದಲ್ಲ. ಬಾದಾಮಿಯ ಮೂರನೇ ಗುಹೆ ಕ್ರಿಸ್ತಶಕ 578ರದು ಅಂತ ಅದರ ಶಾಸನವೇ ಹೇಳುತ್ತದೆ. ಹುನಗುಂದ ತಾಲೂಕಿನ ಐಹೊಳೆ, ಬಾದಾಮಿ ತಾಲೂಕಿನ ಪಟ್ಟದಕಲ್ಲು - ಅಲ್ಲಿನ ಗುಡಿಗಳಲ್ಲಿ ಗಾರೆಯಿಲ್ಲದೆ ಮರಳುಗಲ್ಲಿನ ದಿಮ್ಮಿಗಳನ್ನು ಒಂದರ ಮೇಲೊಂದು ಕೂಡಿಸಿದ್ದಾರೆ. ಕಲ್ಲಿನ ಮೈ ಕಲ್ಲಿಗೆ ಹೊಂದದೆ ಇದ್ದಿದ್ದರೆ ಸಾವಿರದ ಇನ್ನೂರು ವರ್ಷ ನಿಲ್ಲುತ್ತಿತ್ತೇ? ಇನ್ನು ಇಳಕಲ್ ಸೀರೆಯ ನೇಕಾರ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾನೆ. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಕಾಣುತ್ತದೆ. ಅವನೂ ಕೂದಲೆಳೆ ಲೆಕ್ಕದವನೇ.

ಬೆಂಗಳೂರಿಗೆ ಆದದ್ದು, ಇಚಲಕರಂಜಿಗೆ ಆದದ್ದು

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಯಂತ್ರಗಳನ್ನು ಮಾಡಲು ಶುರುವಾಗಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ತಯಾರಿಸಿತು. ಮದುವೆ ಗಂಡಿಗೆ ಎಚ್‌ಎಂಟಿ ವಾಚು ಕಟ್ಟಿದ ಕಾಲ ಹಿರಿಯರಿಗೆ ನೆನಪಿದೆ. ಆ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು 2016ರಲ್ಲಿ ಕೇಂದ್ರ ಸರ್ಕಾರ ಮಾಡಿತು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಹುಟ್ಟಿದ ಸಿಎಂಟಿಐ ಸಂಸ್ಥೆ ಸೂಕ್ಷ್ಮ ಯಂತ್ರ ಮತ್ತು ಅಳತೆಯ ವಿದ್ಯೆಗೇ ಮೀಸಲು. ಎಸ್.ವಿ. ನರಸಯ್ಯ ಅವರು 1965ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ, ಗಾಳಿಯನ್ನೆಲ್ಲ ಹೀರಿ ತೆಗೆದ ನಿರ್ವಾತ ಪೆಟ್ಟಿಗೆಗಳನ್ನು ಪ್ರಯೋಗಾಲಯಗಳಿಗೆ ಮಾಡಿಕೊಟ್ಟಿತು. 2023ರ ಸೆಪ್ಟೆಂಬರ್ 2ರಂದು ಸೂರ್ಯನ ಕಡೆ ಹೋದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಹೊಸಕೋಟೆಯ ತನ್ನ ಆವರಣದಲ್ಲಿ. ರಾಕೆಟ್ಟಿನ ಅದುರಿಗೆ ಒಂದು ಕನ್ನಡಿಯೂ ಜರುಗದಂತೆ ಹಿಡಿದಿಡುವುದು ಇದೇ ಎಂಜಿನಿಯರುಗಳ ಹೊಣೆ.

"ಅದು ಬೆಂಗಳೂರು ಬಿಡ್ರಿ, ನಮ್ಮ ಕಡೆ ಎಲ್ಲಿ ಆಗ್ತೈತಿ?" ಅನ್ನುವವರು ಗಡಿಯಾಚೆ ಒಮ್ಮೆ ನೋಡಬೇಕು. ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ ನಮ್ಮ ನೇಕಾರರಿಗೆ ಹೊಸ ಊರಲ್ಲ, ಪವರ್‌ಲೂಮಿನ ಊರು. ಕಬ್ಬಿಣದ ಸರಳನ್ನು ಎಳೆದು ಹರಿಯುವ, ಲೋಹದ ಗಡಸುತನ ಅಳೆಯುವ ಪ್ರಯೋಗಾಲಯದ ಯಂತ್ರಗಳು ಅದೇ ಊರಿನ ಆಸುಪಾಸಿನಲ್ಲಿ ತಯಾರಾಗುತ್ತವೆ. ಫ್ಯುಯೆಲ್ ಇನ್‌ಸ್ಟ್ರುಮೆಂಟ್ಸ್ ಆ್ಯಂಡ್ ಎಂಜಿನಿಯರ್ಸ್, ಚಿಕ್ಕದಾಗಿ ಎಫ್‌ಐಇ, ಅಂದರೆ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನವರಿಗೆ ಪರಿಚಯದ ಹೆಸರು. ಮಗ್ಗದ ಊರು ಪ್ರಯೋಗಾಲಯದ ಯಂತ್ರ ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅದಕ್ಕೂ ಹಿಂದೆ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯಲ್ಲಿ ಯಂತ್ರದ ನಕ್ಷೆ ಬರೆಯಲು ಕಲಿಸುತ್ತಿದ್ದವರು. ಬೆಳಗಾವಿಗೆ ಬಂದು ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿನ ತನಕ ಹೋದರು. ಅವರೂ ನಕ್ಷೆಯಿಂದಲೇ ಮೇಲೆ ಬಂದವರು.

ನಮ್ಮ ಜಿಲ್ಲೆ ಎಲ್ಲಿದೆ?

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾದದ್ದು. ಆರು ದಶಕ ದಾಟಿತು. ಬಿ.ವಿ.ವಿ. ಸಂಘ ಇದನ್ನು ಕಟ್ಟಿದಾಗ ಈ ಭಾಗದಲ್ಲಿ ಎಂಜಿನಿಯರಿಂಗ್ ಅನ್ನೋದು ಊರು ಬಿಟ್ಟು ಹೋಗಿ ಕಲಿಯುವ ವಿದ್ಯೆಯಾಗಿತ್ತು. ಆದರೆ ಕೆಲವು ವರ್ಷಗಳಿಂದ ರಾಜ್ಯದ ಸಿಇಟಿ ಕೌನ್ಸೆಲಿಂಗಿನಲ್ಲಿ ಕಾಣುವ ಮಾತು ಒಂದೇ: ಕಂಪ್ಯೂಟರ್ ಸೀಟಿಗೆ ನೂಕುನುಗ್ಗಲು, ಮೆಕ್ಯಾನಿಕಲ್ ಸೀಟು ಖಾಲಿ. "ಮೆಕ್ಯಾನಿಕಲ್ ಓದಿ ಏನ್ ಮಾಡ್ತಿ? ಗ್ಯಾರೇಜ್ ಹಾಕ್ತೀಯೇನು?" ಅಂತ ಮನೆಯಲ್ಲೇ ಕೇಳುತ್ತಾರೆ. ಹೆಣ್ಣುಮಕ್ಕಳಿಗಂತೂ ಆ ಮಾತೇ ಇಲ್ಲ. ಈ ಕೆಲಸಕ್ಕೆ ಬೇಕಾದದ್ದು ತೋಳಿನ ಬಲವಲ್ಲ, ಲೆಕ್ಕ ಮತ್ತು ತಾಳ್ಮೆ ಅನ್ನೋದು ಯಾರೂ ಹೇಳೋದಿಲ್ಲ.

ಕಂಪ್ಯೂಟರ್ ಬೇಡ ಅಂತ ನಾವು ಹೇಳುತ್ತಿಲ್ಲ. ಇಂದಿನ ಉಪಕರಣದಲ್ಲಿ ಅರ್ಧ ಕೆಲಸ ಕಂಪ್ಯೂಟರಿನದೇ. ಆದರೆ ಕಂಪ್ಯೂಟರ್ ಓದುವ ಅಂಕಿ ಹುಟ್ಟೋದು ಕಬ್ಬಿಣ-ಕಲ್ಲು-ಗಾಜಿನಲ್ಲಿ. ಅಲ್ಲಿ ಸುಳ್ಳು ಹೊಕ್ಕರೆ ಮುಂದೆ ಎಷ್ಟು ಚೆಂದ ತೋರಿಸಿದರೂ ಸುಳ್ಳೇ. ತಕ್ಕಡಿಯ ತಟ್ಟೆ ಗೂಟಕ್ಕೆ ತಾಗುತ್ತಿದ್ದರೆ ಪರದೆ ಮೇಲಿನ ಅಂಕಿ ಹೊಳೆದು ಪ್ರಯೋಜನವೇನು?

ಆಸಕ್ತಿ ಇರುವ ಮಕ್ಕಳಿಗೆ ದಾರಿ ಒಂದೇ ಅಲ್ಲ. ಎಸ್‌ಎಸ್‌ಎಲ್‌ಸಿ ಆದವರು ಮೂರು ವರ್ಷದ ಡಿಪ್ಲೊಮಾ ಮಾಡಿ ಬಿ.ಇ.ಯ ಎರಡನೇ ವರ್ಷಕ್ಕೆ ಸೇರಬಹುದು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ ಈಗ ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಇದೆ. ಅಲ್ಲಿ ಟೂಲ್ ಆ್ಯಂಡ್ ಡೈ ಮೇಕಿಂಗ್ ಕಲಿತ ಹುಡುಗನ ಕೈಗೆ ಮೈಕ್ರಾನ್ ಅಂದರೇನು ಅಂತ ಗೊತ್ತಾಗುತ್ತದೆ. ಬರೀ ಪುಸ್ತಕ ಓದಿದವನಿಗಿಂತ, ಫೈಲು ಹಿಡಿದು ಕೈ ನೋಯಿಸಿಕೊಂಡವನು ನಕ್ಷೆ ಚೆನ್ನಾಗಿ ಬರೆಯುತ್ತಾನೆ ಅನ್ನೋದು ಬಲ್ಲವರ ಅಂಬೋಣ. ಕಾಯಕದ ಮಾತನ್ನು ಜಗತ್ತಿಗೆ ಹೇಳಿದ ಕೂಡಲಸಂಗಮದ ನೆಲದವರಿಗೆ ಇದನ್ನು ಬೇರೆಯವರು ಬಂದು ಹೇಳಬೇಕೇ?

ಆಗಬೇಕಾದ್ದು ಏನು ಅಂತಲೂ ಹೇಳಿಬಿಡುತ್ತೇವೆ. ನಾಳೆಯೇ ಬಾಗಲಕೋಟೆಯಲ್ಲಿ ಉಪಕರಣ ಕಾರ್ಖಾನೆ ಎದ್ದು ನಿಲ್ಲಲಿ ಅಂತ ಕೇಳುವಷ್ಟು ಹುಂಬರು ನಾವಲ್ಲ. ಮೊದಲ ಹೆಜ್ಜೆ ರಿಪೇರಿ ಮತ್ತು ತಾಳೆ. ಜಿಲ್ಲೆಯಲ್ಲಿ ಸಿಮೆಂಟ್, ಸಕ್ಕರೆ, ಗ್ರಾನೈಟ್, ಹಾಲು, ಮಣ್ಣು, ರಕ್ತ ಇವೆಲ್ಲವನ್ನೂ ಪರೀಕ್ಷಿಸುವ ಉಪಕರಣಗಳಿವೆ. ಕಾಲಕಾಲಕ್ಕೆ ಅವನ್ನು ತಾಳೆ ನೋಡಬೇಕು, ಕೆಟ್ಟರೆ ಬಿಚ್ಚಿ ಜೋಡಿಸಬೇಕು. ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳು, ಐಟಿಐ ಹುಡುಗರು, ಕಾರ್ಖಾನೆಯವರು ಒಂದು ಕಡೆ ಕೂಡಿ ಈ ಕೆಲಸ ಹಿಡಿದರೆ ಹತ್ತು ವರ್ಷದಲ್ಲಿ ಬಿಚ್ಚಿದವರ ಕೈಯಿಂದಲೇ ಹೊಸ ನಕ್ಷೆ ಹುಟ್ಟುತ್ತದೆ. ಇಳಕಲ್ಲಿನ ಕಲ್ಲು ಪಾಲಿಶ್ ಮಾಡುವವರನ್ನೂ ಮಗ್ಗದವರನ್ನೂ ಒಂದು ದಿನ ಕಾಲೇಜಿನ ಲ್ಯಾಬಿಗೆ ಕರೆಸಿ, ಅವರ ಕಣ್ಣಳತೆಯನ್ನು ಮೈಕ್ರೋಮೀಟರಿನ ಜೊತೆ ತಾಳೆ ನೋಡಲಿ. ಯಾರಿಂದ ಯಾರು ಕಲಿತಾರು ಅಂತ ಆಗ ಗೊತ್ತಾದೀತು.

ಅಂಗಡಿಕಾರರು ಮಾಡಬೇಕಾದ್ದೂ ಒಂದು ಇದೆ. ಮುಂದಿನ ಸಲ ಇನ್ಸ್‌ಪೆಕ್ಟರು ಮುದ್ರೆ ಹಾಕಲು ಬಂದಾಗ ದಂಡದ ಭಯದಿಂದಷ್ಟೇ ನಿಲ್ಲಬೇಡಿ. ಪಕ್ಕದಲ್ಲಿ ಮಗನನ್ನೋ ಮಗಳನ್ನೋ ನಿಲ್ಲಿಸಿಕೊಳ್ಳಿ. ಈ ಕಲ್ಲಿನ ಹಿಂದೆ ಬೆಂಗಳೂರು, ಅದರ ಹಿಂದೆ ದಿಲ್ಲಿ, ಅದರ ಹಿಂದೆ ಇಡೀ ಜಗತ್ತಿನ ಒಪ್ಪಂದ ಇದೆ ಅಂತ ಹೇಳಿ. ಈ ತಕ್ಕಡಿಯನ್ನು ಯಾರೋ ಒಬ್ಬರು ಕೂತು ಯೋಚಿಸಿ, ಬರೆದು, ಮಾಡಿದ್ದಾರೆ ಅಂತ ಹೇಳಿ. ಆ ಒಬ್ಬರು ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರು ಯಾಕಾಗಬಾರದು?

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?